ಬೋರಲು ಬಿಂದಿಗೆ

ಆಟೋದಿಂದ ಇಳಿದ ಭಾಗ್ಯಲಕ್ಷ್ಮಿಯ ಕಣ್ಣಿಗೆ ಮೊದಲು ಬಿದ್ದದ್ದು ಜಗಲಿಗಳ ಮೇಲೆ ಬೋರಲು ಹಾಕಿದ್ದ ಬಿಂದಿಗೆಗಳು. ಬೀದಿಯ ಕೊನೆಯ ಸಾಲಿನಲ್ಲಿ ಒಂದು ಮನೆಯೂ ಬಿಟ್ಟಿರಲಿಲ್ಲ. ಸ್ಟೀಲಿನದು, ಪ್ಲಾಸ್ಟಿಕ್ಕಿನದು, ದೊಡ್ಡಬೀರಯ್ಯನ ಮನೆಯ ಹಳೆಯ ತಾಮ್ರದ್ದು, ಎಲ್ಲವೂ ಬಾಯಿ ಕೆಳಗೆ ಮಾಡಿಕೊಂಡು ಕೂತಿದ್ದವು. ನಿನ್ನೆ ಸಂಜೆ ದಂಡು ಕೂಗಿರಬೇಕು ಎಂದುಕೊಂಡವಳಿಗೆ ಸಣ್ಣಗೆ ನಗುವೂ ಬಂತು. ಎರಡು ರಾತ್ರಿ ಹಾಸನದ ಆಸ್ಪತ್ರೆಯಲ್ಲಿ ಮಗಳ ಡ್ರಿಪ್ ಬಾಟಲಿಯನ್ನೇ ನೋಡುತ್ತ ಕೂತಿದ್ದವಳಿಗೆ, ಊರು ಎಂದಿನಂತೆ ತನ್ನ ಪಾಡಿಗೆ ತಾನು ಹೆದರಿಕೊಂಡು ಬದುಕಿದೆಯಲ್ಲ ಎಂದು ಒಂದು ಬಗೆಯ ಸಮಾಧಾನವಾಯಿತು. ಜ್ವರ ಇಳಿದ ರಂಜಿನಿ ಅವಳ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಅತ್ತೆ ಕೃಷ್ಣಮ್ಮ ಅಂಗಳ ಗುಡಿಸುತ್ತಿದ್ದಳು. ಮೊಮ್ಮಗಳ ಹಣೆ ಮುಟ್ಟಿ ನೋಡಿದಳು. ಆಮೇಲೆ ಸೊಸೆಯ ಬೆನ್ನ ಹಿಂದೆ, ತಿರುಗಿ ಹೋಗುತ್ತಿದ್ದ ಆಟೋದತ್ತ ನೋಡಿದಳು.

"ನಟರಾಜ ಎಲ್ಲವ್ವಾ? ರಸ್ತೆತಾವ್ಲೇ ಇಳ್ಕಂಡ್ನಾ?"

"ಅವ್ರೆಲ್ಲಿ ಬಂದ್ರು ಅತ್ತೆ? ಸಂಜೆ ಬತ್ತೀನಿ ಅಂದೋರು ಬರ್ಲೇ ಇಲ್ಲ. ಫೋನೂ ಎತ್ಲಿಲ್ಲ. ಹಾಲು ಕರೆಯಕ್ಕೆ ಯಾರೂ ಇಲ್ಲ ಅಂತ ಇಲ್ಲೇ ಉಳ್ಕಂಡ್ರೇನೋ ಅಂದ್ಕಂಡೆ."

ಕೃಷ್ಣಮ್ಮನ ಕೈಯಿಂದ ಪೊರಕೆ ಜಾರಿತು. ಅವಳು ನೋಡಿದ್ದು ಸೊಸೆಯನ್ನಲ್ಲ, ತನ್ನ ಜಗಲಿಯ ಮೇಲಿದ್ದ ಬಿಂದಿಗೆಯನ್ನು. ಆಮೇಲೆ ಸೀರೆ ಎತ್ತಿ ಕಟ್ಟಿಕೊಳ್ಳುವಷ್ಟೂ ನಿಲ್ಲದೆ, ಬರಿಗಾಲಲ್ಲಿ, ದಂಡಿನ ಹೊಲದ ಕಡೆಗೆ ಓಡಿದಳು. ಅರವತ್ತು ದಾಟಿದ ಹೆಂಗಸು ಹಾಗೆ ಓಡುವುದನ್ನು ಭಾಗ್ಯ ನೋಡಿರಲಿಲ್ಲ. ಮಗುವನ್ನು ಹೊತ್ತುಕೊಂಡೇ ಅವಳೂ ಹಿಂದೆ ಓಡಿದಳು, ಯಾಕೆ ಎಂದು ಇನ್ನೂ ಗೊತ್ತಿರಲಿಲ್ಲ.

ಬಿಳಿಕಲ್ಲು ಕೊಪ್ಪಲಿನ ಮೂಡಲಿಗೆ, ದಂಡಿಗನಹಳ್ಳಿ ರಸ್ತೆಯಿಂದ ಸ್ವಲ್ಪ ಒಳಗೆ ಆ ಬಯಲಿದೆ. ಪಹಣಿಯಲ್ಲಿ ಅದಕ್ಕೆ ಬರೀ ಸರ್ವೆ ನಂಬರು, ಊರಿನವರ ಬಾಯಲ್ಲಿ ಅದು ದಂಡಿನ ಹೊಲ. ಒಂದು ಕಾಲದಲ್ಲಿ ಅಲ್ಲಿ ದೊಡ್ಡ ಯುದ್ಧ ನಡೆದಿತ್ತಂತೆ. ಯಾರ ದಂಡು ಯಾರ ಮೇಲೆ ಬಿತ್ತು ಎಂದು ಮಾತ್ರ ಕೇಳಬಾರದು. ಹೊಳೆನರಸೀಪುರದ ಪಾಳೆಗಾರನದು ಎಂದು ಒಬ್ಬರೆಂದರೆ ಅಲ್ಲ, ಅರಕಲಗೂಡಿನವನದು ಎಂದು ಇನ್ನೊಬ್ಬರು ತೊಡೆ ತಟ್ಟುತ್ತಾರೆ, ನಡುವೆ ಮರಾಠರನ್ನು ಎಳೆದು ತರುವವರೂ ಇದ್ದಾರೆ, ಟೀ ಆರುತ್ತದೆಯೇ ಹೊರತು ಮಾತು ಮುಗಿಯುವುದಿಲ್ಲ. ಎಲ್ಲರೂ ಒಪ್ಪುವ ಸಂಗತಿ ಒಂದೇ. ಗೆದ್ದವರು ಗೆದ್ದು ಹೋದರು. ಗಾಯವಾದವರು ಅಲ್ಲೇ ಬಿದ್ದು ನೀರು ನೀರು ಎಂದು ಕೂಗಿದರು. ಊರಿನವರು ಹೆದರಿ ಬಾಗಿಲು ಹಾಕಿಕೊಂಡರು. ಕೂಗು ಪೂರಾ ನಿಂತ ಮೇಲೆ ಹೋಗಿ ಮಣ್ಣು ಮಾಡಿ ಒಂದು ವೀರಗಲ್ಲು ನೆಟ್ಟು ಕೈ ತೊಳೆದುಕೊಂಡರು.

ಆ ಕೂಗು ಈಗಲೂ ಕೇಳುತ್ತದೆ ಎಂಬುದು ಊರಿನ ನಂಬಿಕೆ. ಮುಚ್ಚಂಜೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ. ದಂಡಿನವರಿಗೆ ಸ್ವಂತ ದನಿ ಇಲ್ಲ, ಅದು ಬಾಯಾರಿಕೆಯಲ್ಲೇ ಒಣಗಿಹೋಯಿತು. ಅದಕ್ಕೆ ಅವರು ಮನೆಯವರ ದನಿಯನ್ನೇ ಎರವಲು ತೆಗೆದುಕೊಂಡು ಕರೆಯುತ್ತಾರೆ. ಓ ಅಂದರೆ ಕೆಟ್ಟಿತು, ಯಾರ ದನಿಯಲ್ಲಿ ಕರೆದರೋ ಅವನು ದಂಡಿಗೆ ಸೇರಿಹೋದ. ಬೆಳಗಾಗುವ ತನಕ ಅವನ ಹೆಸರನ್ನೂ ಎತ್ತಬಾರದು. ಒಂದು ಬಿಂದಿಗೆ ನೀರನ್ನು ಹೊಸಿಲಿನ ಆಚೆಗೆ ಸುರಿದು, ಬಿಂದಿಗೆ ಬೋರಲು ಹಾಕಿ, ಬಾಗಿಲು ಮುಚ್ಚಬೇಕು. ಸೂರ್ಯ ಹುಟ್ಟುವವರೆಗೆ ಬಿಂದಿಗೆಯನ್ನು ಎತ್ತಬಾರದು. ಕೊಡಬೇಕಾದಾಗ ಕೊಡದ ನೀರನ್ನು ಹೀಗೆ ತಲೆಮಾರುಗಟ್ಟಲೆ ಹೊಸಿಲಿಗೆ ಸುರಿಯುತ್ತ ಬಂದಿದ್ದಾರೆ.

ಅರಕಲಗೂಡಿನ ಕಡೆಯಿಂದ ಸೊಸೆಯಾಗಿ ಬಂದ ಭಾಗ್ಯ ಮೊದಮೊದಲು ಇದಕ್ಕೆ ನಗುತ್ತಿದ್ದಳು. ಗಂಡ ನಟರಾಜನೂ ಅವಳ ಜೊತೆ ಸೇರಿ ನಗುತ್ತಿದ್ದ. ಹುಲ್ಲಿನ ಮೆದೆಯ ಹಿಂದೆ ಅವಿತುಕೊಂಡು "ಭಾಗ್ಯಾ, ನೀರೂ" ಎಂದು ಗಂಟಲು ಕುಗ್ಗಿಸಿ ಕೂಗುತ್ತಿದ್ದ. ಅವಳು ಬಿಂದಿಗೆ ತಂದು ಅವನ ತಲೆಯ ಮೇಲೇ ಸುರಿಯುತ್ತಿದ್ದಳು. ಆದರೂ ವರ್ಷಗಳು ಕಳೆದಂತೆ, ಅತ್ತೆ ನೀರು ಸುರಿಯಲು ಹೊರಟರೆ ಬಿಂದಿಗೆ ಎತ್ತಿಕೊಡುವುದು ಅವಳಿಗೂ ರೂಢಿಯಾಯಿತು.

ಅತ್ತೆ ಸೊಸೆ ಓಡಿ ದಂಡಿನ ಹೊಲ ಮುಟ್ಟಿದಾಗ, ಟಿಲ್ಲರ್ ಬದುವಿನಿಂದ ಜಾರಿ ಕೊರಕಲಿಗೆ ಮಗುಚಿಕೊಂಡಿತ್ತು. ನಟರಾಜ ಅದರ ಅಡಿಯಲ್ಲಿದ್ದ. ತೊಡೆ ಸೀಳಿಹೋಗಿ ಮಣ್ಣೆಲ್ಲ ಕಪ್ಪಾಗಿತ್ತು. ಕೈಗೆ ಎಟುಕುವಷ್ಟು ದೂರದ ನೆಲವನ್ನು ಅವನು ಉಗುರಿನಿಂದ ಗೀರಿ ಗೀರಿ ಸಡಿಲ ಮಾಡಿದ್ದ. ಇಸ್ತ್ರಿ ಮಾಡಿದ ಅಂಗಿ ಹೊಂಗೆ ಮರದ ಕೊಂಬೆಯಲ್ಲಿ ನೇತಾಡುತ್ತಿತ್ತು. ಅದರ ಜೇಬಿನಲ್ಲಿ ಫೋನು, ಫೋನಿನಲ್ಲಿ ಭಾಗ್ಯ ಮಾಡಿದ್ದ ಕರೆಗಳು.

ಆಮೇಲೆ ಎಲ್ಲವೂ ಗೊತ್ತಾಯಿತು. ಹಾಸನಕ್ಕೆ ಹೋಗಲೆಂದು ಮನೆಯಿಂದ ಅಂಗಿ ತೊಟ್ಟು ಹೊರಟವನಿಗೆ ರಸ್ತೆಯಲ್ಲಿ ಬಸ್ಸು ತಪ್ಪಿತ್ತು. ಮುಂದಿನ ಬಸ್ಸಿಗೆ ಹೊತ್ತಿತ್ತು, ಮಳೆಮೋಡ ಕಟ್ಟಿತ್ತು, ದಂಡಿನ ಹೊಲದಲ್ಲಿ ಆಲೂಗಡ್ಡೆ ಹಾಕಲೆಂದಿದ್ದ ತಮ್ಮ ತುಂಡಿನಲ್ಲಿ ಒಂದು ಪಟ್ಟೆ ಉಳುವುದು ಬಾಕಿಯಿತ್ತು. ಬಾಡಿಗೆ ಟಿಲ್ಲರ್ ಬೆಳಿಗ್ಗೆ ಬೇರೆಯವರ ಹೊಲಕ್ಕೆ ಹೋಗಬೇಕಿತ್ತು. ಹೋಗಿ ಮುಗಿಸಿಬಿಡೋಣ ಎಂದು ಅಂಗಿ ಬಿಚ್ಚಿ ಮರಕ್ಕೆ ನೇತುಹಾಕಿದ್ದ. ಮನೆಯಲ್ಲಿ ಅವನು ಹಾಸನಕ್ಕೆ ಹೋದ ಎಂದುಕೊಂಡರು, ಹಾಸನದಲ್ಲಿ ಅವನು ಮನೆಯಲ್ಲಿದ್ದಾನೆ ಎಂದುಕೊಂಡರು.

ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಹೆಣ ಕೊಡುವಾಗ ಡಾಕ್ಟರು ಭಾಗ್ಯಳ ಮುಖ ನೋಡದೆ ಹೇಳಿದರು. "ತುಂಬಾ ಹೊತ್ತು ಜೀವ ಇತ್ತಮ್ಮ. ಸಂಜೆನೇ ಯಾರಾದ್ರೂ ನೋಡಿದ್ದಿದ್ರೆ..." ಮುಂದಿನದನ್ನು ನುಂಗಿಕೊಂಡರು. ಮಹಜರಿಗೆ ಬಂದ ಪೊಲೀಸರು ಸಾಲುಮನೆಯವರನ್ನು ನಿಲ್ಲಿಸಿ, ಕೂಗಿದ್ದು ಗೀಗಿದ್ದು ಕೇಳಿಸಿತೇ ಎಂದು ವಿಚಾರಿಸಿದರು. "ಏನೂ ಕೇಳಿಸ್ನಿಲ್ಲ ಸಾ, ಟೀವಿ ಆಕಿದ್ದೋ" ಎಂದಳು ಪಕ್ಕದ ಮನೆಯ ಮಾರಮ್ಮ. ಉಳಿದವರೂ ಅದನ್ನೇ ಅಂದರು.

ಅಂದಿನಿಂದ ಭಾಗ್ಯಳ ತಲೆಯಲ್ಲಿ ಒಂದೇ ಮಾತು ಕೂತುಬಿಟ್ಟಿತು. ಅವನು ಕೂಗದೆ ಸತ್ತಿರುವುದಿಲ್ಲ. ಒಬ್ಬರಿಗಾದರೂ ಅದು ಕೇಳಿಸಿರಬೇಕು. ಹೌದು, ಕೇಳಿಸಿತು ಎಂದು ಒಬ್ಬರು ಬಾಯಿಬಿಟ್ಟು ಹೇಳಲಿ. ಹೇಳಿದವರನ್ನು ಏನು ಮಾಡುತ್ತೇನೆ ಎಂದು ಅವಳಿಗೇ ಗೊತ್ತಿರಲಿಲ್ಲ. ಹೇಳದಿದ್ದರೆ ಮಾತ್ರ ಅವನು ಇನ್ನೂ ಅಲ್ಲೇ ಕೂಗುತ್ತ ಬಿದ್ದಿದ್ದಾನೆ ಎಂದೇ ಅನ್ನಿಸುತ್ತಿತ್ತು.

ತಿಥಿ ಮುಗಿದ ದಿನ ನೆಂಟರೆಲ್ಲ ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತಿದ್ದಳು. ಬಿಂದಿಗೆ ತೊಳೆದು ನೀರು ಇಳಿಯಲೆಂದು ಬೋರಲು ಹಾಕಿದವಳ ಕೈ ಅಲ್ಲೇ ನಿಂತಿತು. ಆ ಬೆಳಗಿನ ಜಗಲಿಗಳು ಒಂದೊಂದಾಗಿ ಕಣ್ಣಿಗೆ ಬಂದವು. ತಾನು ಅವನ್ನು ನೋಡಿ ನಕ್ಕಿದ್ದೂ ನೆನಪಾಯಿತು. ಆಮೇಲೆ ಒದ್ದೆ ಕೈಯಲ್ಲೇ ಎದ್ದು ದೊಡ್ಡಬೀರಯ್ಯನ ಮನೆಗೆ ಹೋದಳು.

ದೊಡ್ಡಬೀರಯ್ಯ ಅವಳ ಮಾವನ ಅಣ್ಣ. ದಂಡಿನ ಕಥೆಯನ್ನು ಅವನಷ್ಟು ರಂಗಾಗಿ ಹೇಳುವವರು ಆ ಸೀಮೆಯಲ್ಲೇ ಇರಲಿಲ್ಲ. ಕುದುರೆ ಕೆನೆದದ್ದನ್ನೂ ಕತ್ತಿ ಒರೆಯಿಂದ ಹಿರಿದದ್ದನ್ನೂ ತಾನೇ ಪಕ್ಕದಲ್ಲಿ ನಿಂತು ಕೇಳಿದವನ ಹಾಗೆ ಹೇಳುತ್ತಿದ್ದ. ಈಗ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

"ದೊಡ್ಡಮಾವ, ಅವತ್ತು ಬೆಳಿಗ್ಗೆ ನಿಮ್ಮನೆ ಬಿಂದಿಗೆ ಯಾಕೆ ಬೋರಲಾಗಿತ್ತು?"

"ತೊಳ್ದು ಮಡಗಿರ್ತಾರೆ ಬಿಡವ್ವಾ."

"ಮಾರಮ್ಮನ ಮನೇದು? ಆ ಕಡೆ ಮನೇದು? ಎಲ್ರೂ ಒಂದೇ ದಿನ ತೊಳ್ದು ಮಡಗಿದ್ರಾ?"

ಅವನು ಎಲೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅವ್ನು ಆಸನಕ್ಕೋದ ಅಂತ ನಿಮ್ಮತ್ತೇನೇ ಬೀದೀಗೆಲ್ಲಾ ಹೇಳಿದ್ಲು ಕಣವ್ವಾ. ಆಸನದಲ್ಲಿರೋನ ದನಿ ದಂಡಿನ ಒಲದಲ್ಲಿ ಕೇಳ್ತು ಅಂದ್ರೆ ನಾವೇನಂತ ತಿಳ್ಕಬೇಕು, ನೀನೇ ಹೇಳು."

"ಅಂದ್ರೆ ನಿಮಗೆ ಕೇಳಿಸ್ತು."

"ನಾನೆಲ್ಲಿ ಅಂಗಂದೆ? ಮುದ್ಕ ಏನೋ ಬಡಬಡಿಸ್ದೆ. ನಂಗ್ ಕಿವೀನೇ ಮಂದ" ಎಂದು ಅವನು ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಂಡ.

ಭಾಗ್ಯ ಮನೆಗೆ ಬಂದಾಗ ಕೃಷ್ಣಮ್ಮ ಒಲೆಯ ಮುಂದೆ ಕೂತಿದ್ದಳು. ಒಲೆ ಹೊತ್ತಿರಲಿಲ್ಲ.

"ಅಲ್ಲಿ ಇಲ್ಲಿ ಯಾಕೆ ಕೇಳ್ತೀಯವ್ವಾ. ನನ್ನ ಕೇಳು" ಎಂದಳು. ಅವಳ ದನಿ ತಣ್ಣಗಿತ್ತು. "ದೀಪ ಹಚ್ತಾ ಇದ್ದೆ. ಅವ್ವಾ ಅಂದ. ಅವ್ವಾ ನೀರು, ಬಾರವ್ವಾ ಅಂದ. ಅವನ್ದೇ ದನಿ ಕಣೆ, ಒಂಚೂರೂ ಬ್ಯಾರೆ ಇರ್ನಿಲ್ಲ. ಅದ್ಕೇಯ ಎದ್ರುಕಂಡಿದ್ದು. ಮಗ ಮಗೀನ ನೋಡಕ್ಕೆ ಆಸನಕ್ಕೋಗವ್ನೆ, ಇವು ಅವನ ದನಿ ಇಡ್ಕಂಡು ಕರೀತಾ ಅವೆ, ನಾನು ಓ ಅಂದ್ರೆ ಅವನ್ನ ಎಳ್ಕಂಡೋಯ್ತವೆ ಅಂತ ಬಾಯಿಗೆ ಸೆರಗು ತುರುಕ್ಕಂಡೆ. ನಿಂಗೊಂದು ಫೋನ್ ಮಾಡಿ ಬಂದ್ನಾ ಅಂತ ಕೇಳನಾ ಅಂದ್ರೆ, ಹೆಸ್ರು ಎತ್ತಬಾರ್ದಲ್ಲ. ನೀರ್ ಸುರ್ದೆ. ಬಿಂದಿಗೆ ಬೋರಲಾಕ್ದೆ. ಅವ್ನು ಕೂಗ್ತಾನೇ ಇದ್ದ. ನಾನು ಒಳಗೆ ಬೀರಪ್ಪಂಗೆ ಕೈ ಮುಗೀತಾನೇ ಇದ್ದೆ, ನನ್ನ ಮಗ ಎಲ್ಲಿದ್ರೂ ಚೆನ್ನಾಗಿರ್ಲಪ್ಪಾ ಅಂತ."

ಒಬ್ಬರು ಹೇಳಲಿ ಎಂದು ಹಂಬಲಿಸಿದ್ದ ಮಾತನ್ನು ಕೊನೆಗೂ ಒಬ್ಬರು ಹೇಳಿದ್ದರು. ಅದು ಇವಳೇ ಯಾಕಾಗಬೇಕಿತ್ತು? ಮಾರಮ್ಮ ಹೇಳಿದ್ದರೆ ಅವಳ ಮನೆ ಮುಂದೆ ನಿಂತು ಮಣ್ಣು ತೂರಿ ಶಾಪ ಹಾಕಬಹುದಿತ್ತು. ದೊಡ್ಡಬೀರಯ್ಯ ಹೇಳಿದ್ದರೆ ಅವನ ಕೊರಳಪಟ್ಟಿ ಹಿಡಿಯಬಹುದಿತ್ತು. ಹೆತ್ತ ತಾಯಿಯನ್ನು ಏನು ಮಾಡುವುದು. ಭಾಗ್ಯಳಿಗೆ ಆ ಗಳಿಗೆಯಲ್ಲಿ ಅವಳ ಮೇಲೆ ಕರುಣೆ ಬರಲಿಲ್ಲ, ಅಸಹ್ಯ ಬಂತು.

"ಹೆತ್ತೋಳಿಗೆ ಗೊತ್ತಾಗಲ್ವಾ ಅತ್ತೆ" ಎಂದಳು. ಅಷ್ಟೇ. ಆಮೇಲೆ ಅವಳು ಅತ್ತೆಯ ಜೊತೆ ಮಾತಾಡುವುದನ್ನೇ ಬಿಟ್ಟಳು.

ಒಂದೇ ಸೂರಿನ ಕೆಳಗೆ ಎರಡು ಅಡುಗೆ ಶುರುವಾಯಿತು. ಭಾಗ್ಯ ಗ್ಯಾಸಿನ ಮೇಲೆ ತನಗೂ ಮಗಳಿಗೂ ಬೇಯಿಸಿಕೊಂಡಳು. ಕೃಷ್ಣಮ್ಮ ಸೌದೆ ಒಲೆಯಲ್ಲಿ ಒಂದು ಮುದ್ದೆ ತೊಳಸಿಕೊಂಡು, ಅರ್ಧ ತಿಂದು, ಅರ್ಧ ಹಸುವಿಗೆ ಹಾಕುತ್ತಿದ್ದಳು. ಸೊಸೆಗೆ ಹೇಳಬೇಕಾದದ್ದನ್ನು ಹಸುವಿಗೆ ಹೇಳುತ್ತಿದ್ದಳು. ಭಾಗ್ಯ ಕೇಳಿಸಿಕೊಂಡೂ ಕೇಳಿಸದವಳಂತೆ ಇರುತ್ತಿದ್ದಳು. ಆ ಕಲೆಯನ್ನು ಊರೇ ಅವಳಿಗೆ ಕಲಿಸಿಕೊಟ್ಟಿತ್ತು.

ಶ್ರಾವಣದ ಹೊತ್ತಿಗೆ ಕೃಷ್ಣಮ್ಮನಿಗೆ ಒಂದು ಅಭ್ಯಾಸ ಹತ್ತಿತು. ಮುಚ್ಚಂಜೆಯಾದರೆ ಸಾಕು, ಒಂದು ಚೊಂಬು ನೀರು ಹಿಡಿದು ದಂಡಿನ ಹೊಲಕ್ಕೆ ಹೋಗಿ ಆ ಕೊರಕಲಿನ ಅಂಚಿನಲ್ಲಿ ಕೂರುತ್ತಿದ್ದಳು. ನವಿಲು ಕೂಗಿದರೆ ಓಗೊಡುತ್ತಿದ್ದಳು. ದೂರದಲ್ಲಿ ಯಾರದೋ ಕರು ಅರಚಿದರೂ "ಓ ಮಗಾ, ಬಂದೆ, ಇಲ್ಲೇ ಇವ್ನಿ" ಎನ್ನುತ್ತಿದ್ದಳು. ಸಾಲುಮನೆಯವರಿಗೆ ಜೀವ ಬಾಯಿಗೆ ಬಂತು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಯಾರೂ ಓಗೊಟ್ಟಿರಲಿಲ್ಲ, ಈಗ ಈ ಮುದುಕಿ ದಿನಾ ಓ ಅನ್ನುತ್ತಿದ್ದಾಳೆ. ಇನ್ನು ದಂಡು ಬೀದಿಗೇ ಬರುತ್ತದೆ ಎಂದು ಗುಸುಗುಸು ಹಬ್ಬಿತು.

ದೊಡ್ಡಬೀರಯ್ಯ ಭಾಗ್ಯಳಿಗೆ ಹೇಳಿ ನೋಡಿದ. "ನಿಮ್ಮತ್ತೇಗೆ ಬುದ್ಧಿ ಹೇಳವ್ವಾ. ಓಗೊಡೋದು ಒಳ್ಳೇದಲ್ಲ. ನಮ್ಮನೇಲೂ ಮಕ್ಳು ಮರಿ ಅವೆ."

"ನಂಗೂ ಅವ್ರಿಗೂ ಮಾತಿಲ್ಲ ದೊಡ್ಡಮಾವ. ನಿಮ್ದು ಕಿವಿ ಮಂದ ಅಲ್ವಾ, ನಿಮಗೆ ಹೆಂಗ್ ಕೇಳಿಸ್ತು?"

ಅವನು ಹೆಗಲ ಟವಲು ಕೊಡವಿಕೊಂಡು ಬೀದಿಗಿಳಿದ.

ಭಾಗ್ಯಳ ಮನಸ್ಸು ಆಗಲೇ ಊರು ಬಿಟ್ಟಿತ್ತು. ತಮ್ಮ ಅರುಣ್‌ಕುಮಾರ್ ಬಂದು ರಂಜಿನಿಯನ್ನು ಅರಕಲಗೂಡಿನ ಶಾಲೆಗೆ ಸೇರಿಸಲು ಕರೆದುಕೊಂಡು ಹೋದ. ಮಹಾಲಯ ಅಮಾವಾಸ್ಯೆಗೆ ಗಂಡನಿಗೆ ಎಡೆ ಇಟ್ಟು, ಮಾರನೆಯ ದಿನ ಲಗೇಜ್ ಆಟೋದಲ್ಲಿ ಸಾಮಾನು ಹೇರಿಕೊಂಡು ಹೊರಟುಬಿಡುವುದೆಂದು ತೀರ್ಮಾನವಾಯಿತು. ಮಗು ಹೋಗುವ ದಿನ ಕೃಷ್ಣಮ್ಮ ಹಸುವಿನ ಕಡೆ ತಿರುಗಿ, "ಮಗೀಗೆ ರಾತ್ರಿ ಮೊಸ್ರು ಕೊಡಬಾರ್ದು, ಬೇಗ ಸೀತ ಆಯ್ತದೆ" ಎಂದಳು. ನೀವು ಹೋಗಬೇಡಿ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು ಎಂದು ಭಾಗ್ಯಳಿಗೆ ಇನ್ನಷ್ಟು ಸಿಟ್ಟು ಬಂತು.

ಅಮಾವಾಸ್ಯೆಯ ಮಧ್ಯಾಹ್ನ ನಟರಾಜನ ಫೋಟೋದ ಮುಂದೆ ಎಡೆ ಇಟ್ಟರು. ಅತ್ತೆ ಒಂದು ಎಲೆ ಇಟ್ಟಳು, ಸೊಸೆ ಇನ್ನೊಂದು ಎಲೆ ಇಟ್ಟಳು. ಸಂಜೆ ಭಾಗ್ಯ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಕೃಷ್ಣಮ್ಮ ಮನೆಯಲ್ಲಿರಲಿಲ್ಲ. ಬೆಳಕು ಕಂದುತ್ತಿತ್ತು. ಆಗ ದಂಡಿನ ಹೊಲದ ಕಡೆಯಿಂದ ಕೂಗು ಬಂತು.

"ಭಾಗ್ಯಾ... ನೀರು ತಾರವ್ವಾ..."

ಅತ್ತೆಯ ದನಿ. ಒಂಚೂರೂ ಬೇರೆಯಲ್ಲ. ಸಾಲಿನಲ್ಲಿ ಒಂದೊಂದೇ ಟೀವಿ ಬಾಯಿ ಮುಚ್ಚಿತು. ಹೊಸಿಲುಗಳ ಮೇಲೆ ನೀರು ಸುರಿದ ಸದ್ದು, ಬಿಂದಿಗೆ ಜಗಲಿಗೆ ತಾಗಿದ ಸದ್ದು, ಬಾಗಿಲು ಹಾಕಿದ ಸದ್ದು ಆ ತುದಿಯಿಂದ ಈ ತುದಿಗೆ ಬಂತು. ಅವಳು ಬಾಗಿಲಿಗೆ ಬಂದಾಗ ದೊಡ್ಡಬೀರಯ್ಯ ತನ್ನ ತಾಮ್ರದ ಬಿಂದಿಗೆಯನ್ನು ಬೋರಲು ಹಾಕುತ್ತಿದ್ದ.

"ಒಳಕ್ಕೋಗವ್ವಾ" ಎಂದು ಪಿಸುಗುಟ್ಟಿದ. "ಅದು ಅವ್ಳಲ್ಲ. ನಿಮ್ಮತ್ತೆ ಬೀರಪ್ಪನ ಗುಡಿತಾವ ಕೂತವ್ಳೆ, ಈಗಿನ್ನೂ ನಾನೇ ನೋಡ್ಕಂಡ್ ಬಂದಿವ್ನಿ. ಓ ಅನ್ಬ್ಯಾಡ, ನಿನ್ನ ದಮ್ಮಯ್ಯ."

ಮತ್ತೆ ಕೂಗು. "ಭಾಗ್ಯಾ..."

ಬಿಂದಿಗೆ ಅವಳ ಕೈಗೆ ಯಾವಾಗ ಬಂತೋ ಅವಳಿಗೆ ತಿಳಿಯಲಿಲ್ಲ. ಅದು ವಾಲಿ ಒಂದಷ್ಟು ನೀರು ಹೊಸಿಲಿನ ಆಚೆ ಬಿದ್ದು ಪಾದಕ್ಕೆ ಸಿಡಿದಾಗಲೇ ಅವಳಿಗೆ ಎಚ್ಚರವಾದದ್ದು. ಕೈ ತಾನಾಗಿಯೇ ಸುರಿಯುತ್ತಿತ್ತು. ಹೆತ್ತವಳಿಗೆ ಗೊತ್ತಾಗಲ್ವಾ ಎಂದು ಕೇಳಿದ್ದವಳಿಗೆ ಈಗ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಹೊರಗೆ ಕರೆಯುತ್ತಿರುವುದು ಯಾರು, ಏನು, ದೇವರಾಣೆಗೂ ಗೊತ್ತಾಗುತ್ತಿರಲಿಲ್ಲ. ಬಾಗಿಲು ಮುಚ್ಚಿಕೊಂಡರೆ ಹಾಯಾಗಿರುತ್ತದೆ ಎಂದು ಅವಳ ಇಡೀ ಮೈ ಹೇಳುತ್ತಿತ್ತು. ಕೃಷ್ಣಮ್ಮ ಆ ಸಂಜೆ ನಿಂತಿದ್ದದ್ದು ಇದೇ ಹೊಸಿಲಿನ ಮೇಲೆ, ಹಿಡಿದಿದ್ದದ್ದು ಇದೇ ಬಿಂದಿಗೆ.

ಭಾಗ್ಯ ಬಿಂದಿಗೆಯನ್ನು ನೆಟ್ಟಗೆ ಮಾಡಿ ಸೊಂಟಕ್ಕೆ ಏರಿಸಿದಳು.

"ಓ ಅತ್ತೆ, ಬಂದೆ" ಎಂದಳು. ಮೊದಲ ಸಲ ದನಿ ಹೊರಡಲಿಲ್ಲ. ಎರಡನೆಯ ಸಲ ಬೀದಿಗೆಲ್ಲ ಕೇಳಿತು. ದೊಡ್ಡಬೀರಯ್ಯ ಎರಡೂ ಕೈಯಿಂದ ಬಾಗಿಲು ಎಳೆದುಕೊಂಡ.

ಅವಳು ಹೆದರುತ್ತಲೇ ನಡೆದಳು. ಆಲೂಗಡ್ಡೆ ಹಾಕದೆ ಬೀಳು ಬಿಟ್ಟಿದ್ದ ಹೊಲದಲ್ಲಿ ಕಳೆ ಮಂಡಿಯವರೆಗೆ ಬೆಳೆದಿತ್ತು. ವೀರಗಲ್ಲು ದಾಟಿ ಹೊಂಗೆ ಮರದ ಹತ್ತಿರ ಬಂದಾಗ ಕೊರಕಲಿನಲ್ಲಿ ಯಾರೋ ಕೂತದ್ದು ಕಂಡಿತು. ಕೃಷ್ಣಮ್ಮನೇ. ಗುಡಿಯಿಂದ ಯಾವಾಗ ಎದ್ದು ಬಂದಿದ್ದಳೋ. ಪಕ್ಕದಲ್ಲಿ ಚೊಂಬು ಖಾಲಿಯಾಗಿ ಬಿದ್ದಿತ್ತು. ಅವಳು ತಲೆಯೆತ್ತಿ ಸೊಸೆಯನ್ನು ಬಹಳ ಹೊತ್ತು ನೋಡಿದಳು.

"ನೀನೇನಾ? ಇಲ್ಲಾ ಬರೀ ದನೀನಾ?"

ಭಾಗ್ಯ ಕೊರಕಲಿಗೆ ಇಳಿದು ಅವಳ ಭುಜ ಮುಟ್ಟಿದಳು. ಸೀರೆಯ ಅಡಿಯಲ್ಲಿ ಬರೀ ಮೂಳೆ ಸಿಕ್ಕಿತು. ಇಷ್ಟು ದಿನ ಒಂದೇ ಮನೆಯಲ್ಲಿದ್ದೂ ಅದನ್ನು ಅವಳು ನೋಡಿರಲಿಲ್ಲ.

"ನಾನೇ ಅತ್ತೆ. ಕೈ ಒಡ್ಡಿ, ನೀರು ಬಿಡ್ತೀನಿ."

ಕೃಷ್ಣಮ್ಮ ಬೊಗಸೆ ಒಡ್ಡಿದಳು. ಭಾಗ್ಯ ಬಿಂದಿಗೆ ಬಗ್ಗಿಸಿದಳು. ಬೊಗಸೆ ತುಂಬಿತು. ಕೃಷ್ಣಮ್ಮ ಕುಡಿಯಲಿಲ್ಲ. ಬೊಗಸೆಯನ್ನು ಮೆಲ್ಲಗೆ ಕೆಳಗಿಳಿಸಿ, ಮಗ ತಲೆಯಿಟ್ಟು ಬಿದ್ದಿದ್ದ ಜಾಗಕ್ಕೆ ನೀರನ್ನು ಬಿಟ್ಟಳು, ಕೂಸಿಗೆ ಕುಡಿಸುವಷ್ಟು ನಿಧಾನವಾಗಿ. ಮತ್ತೆ ಒಡ್ಡಿದಳು. ಭಾಗ್ಯ ಮತ್ತೆ ಸುರಿದಳು. ಮಣ್ಣು ಹೀರಿಕೊಳ್ಳುತ್ತಲೇ ಇತ್ತು. ಬಿಂದಿಗೆ ಖಾಲಿಯಾಗುವ ಹೊತ್ತಿಗೆ ಭಾಗ್ಯಳ ಕಣ್ಣಿಂದ ನೀರು ಹರಿಯುತ್ತಿತ್ತು, ಅದನ್ನು ಒರೆಸಿಕೊಳ್ಳಬೇಕು ಎಂದೂ ಅವಳಿಗೆ ಅನ್ನಿಸಲಿಲ್ಲ.

"ಸಾಲ್ದು ಕಣವ್ವಾ" ಎಂದಳು ಕೃಷ್ಣಮ್ಮ. "ಅವತ್ತಿಂದ ಬಾಯಾರ್ಕಂಡವ್ನೆ. ಇನ್ನೊಂದು ಬಿಂದಿಗೆ ತತ್ತೀಯಾ?"

ಭಾಗ್ಯ ಬೀದಿಗೆ ವಾಪಸು ಬಂದಳು. ಬಾಗಿಲುಗಳೆಲ್ಲ ಮುಚ್ಚಿದ್ದವು, ಹೊಸಿಲುಗಳೆಲ್ಲ ಒದ್ದೆಯಾಗಿದ್ದವು. ಅವಳು ದೊಡ್ಡಬೀರಯ್ಯನ ಜಗಲಿಯ ಮುಂದೆ ನಿಂತಳು. ಆಮೇಲೆ ಕೈ ಚಾಚಿ, ಬೋರಲು ಬಿದ್ದಿದ್ದ ತಾಮ್ರದ ಬಿಂದಿಗೆಯನ್ನು ಎತ್ತಿದಳು. ಒಳಗೆ ಯಾರೋ ಕೆಮ್ಮಿ ಸುಮ್ಮನಾದರು. ಎರಡೂ ಬಿಂದಿಗೆ ಹಿಡಿದು ಬೀದಿಯ ನೀರಿನ ತೊಂಬೆಯ ಹತ್ತಿರ ಹೋಗಿ, ತಾಮ್ರದ್ದನ್ನು ಮೊದಲು ಇಟ್ಟು, ನಲ್ಲಿ ಬಿಟ್ಟಳು.

ಖಾಲಿ ತಾಮ್ರಕ್ಕೆ ನೀರು ಬೀಳುವ ಸದ್ದು ಸಾಲಿನ ಉದ್ದಕ್ಕೂ ಕೇಳಿಸುವಷ್ಟು ಜೋರಾಗಿತ್ತು. ಯಾವ ಬಾಗಿಲೂ ತೆರೆಯಲಿಲ್ಲ. ಬಿಂದಿಗೆ ತುಂಬುವವರೆಗೆ ಅವಳು ಅಲ್ಲೇ ನಿಂತಿದ್ದಳು.